ಬೀಗ ಹಾಕಿದ ಮನೆಯ ಮುಂದೆ ಮೀಟರ್ ರೀಡರ್

‘ಸರ್ವರ್ ಡೌನ್ ಸಾರ್, ಮಧ್ಯಾಹ್ನ ಬನ್ನಿ.’ ಬ್ಯಾಂಕು, ನಾಡಕಚೇರಿ, ನ್ಯಾಯಬೆಲೆ ಅಂಗಡಿ ಎಲ್ಲಾದರೂ ಒಂದು ಕಡೆ ಈ ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಗೊಣಗುತ್ತಾ ಮನೆಗೆ ವಾಪಸಾಗಿರುತ್ತೀರಿ. ನೀವು ಹಾಗೆ ವಾಪಸಾಗುವ ಹೊತ್ತಿಗೆ, ಎಲ್ಲೋ ಒಂದು ಹವಾನಿಯಂತ್ರಿತ ಕೋಣೆಯ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಆ ಶಾಖೆಯ ಚುಕ್ಕೆ ಇನ್ನೂ ಹಸಿರಾಗಿಯೇ ಇರುವುದುಂಟು. ಪರದೆ ಸುಳ್ಳು ಹೇಳುತ್ತಿಲ್ಲ. ಹನ್ನೊಂದು ನಿಮಿಷದ ಹಿಂದೆ ಕೇಳಿದಾಗ ಶಾಖೆಯ ರೂಟರ್ ‘ಚೆನ್ನಾಗಿದ್ದೇನೆ’ ಎಂದೇ ಹೇಳಿತ್ತು. ಆಮೇಲೆ ಇನ್ನೊಮ್ಮೆ ಕೇಳಲು ಪರದೆಯ ಹಿಂದಿನ ತಂತ್ರಾಂಶಕ್ಕೆ ಪುರುಸೊತ್ತಾಗಿಲ್ಲ.

ಜಾಲ ನಿರ್ವಹಣೆಯ ತಂತ್ರಾಂಶಕ್ಕೆ ಪುರುಸೊತ್ತು ಯಾಕೆ ಸಾಲದೆ ಹೋಗುತ್ತದೆ? ಸಾಲದೆ ಹೋದಾಗ ಹೆಚ್ಚಿನವರು ಮಾಡುವ ಮೊದಲ ರಿಪೇರಿ ಯಾಕೆ ತಪ್ಪಾಗಿರುತ್ತದೆ? ಇದನ್ನು ತಿಳಿಯಲು ಎಂಜಿನಿಯರ್ ಆಗಿರಬೇಕಾಗಿಲ್ಲ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಉದಾಹರಣೆಗೆ ಜ್ಯಾಬಿಕ್ಸ್ ಎಂಬ ತಂತ್ರಾಂಶವನ್ನೇ ನೋಡೋಣ. ಲಾಟ್ವಿಯಾದ ಅಲೆಕ್ಸೈ ವ್ಲಾದಿಶೆವ್ 1998ರಲ್ಲಿ ಇದನ್ನು ಬರೆಯಲು ತೊಡಗಿ, 2001ರಲ್ಲಿ ಯಾರು ಬೇಕಾದರೂ ಬಳಸಲಿ ಎಂದು ಮುಕ್ತವಾಗಿ ಹೊರಬಿಟ್ಟರು. 2005ರಲ್ಲಿ ರಿಗಾ ನಗರದಲ್ಲಿ ಅದರ ಹೆಸರಿನ ಕಂಪನಿ ಹುಟ್ಟಿತು. ಪರವಾನಗಿಗೆ ದುಡ್ಡು ಕೊಡಬೇಕಿಲ್ಲದ ಕಾರಣ ಸಣ್ಣ ಕಾಲೇಜಿನಿಂದ ಹಿಡಿದು ದೊಡ್ಡ ಟೆಲಿಕಾಂ ಸಂಸ್ಥೆಯವರೆಗೆ ಎಲ್ಲರೂ ಬಳಸುತ್ತಾರೆ. ಬೇರೆ ತಂತ್ರಾಂಶ ಬಳಸುವವರೂ ಮುಂದೆ ಓದಬಹುದು. ಹೆಸರುಗಳು ಬೇರೆಯಾದರೂ ಒಳಗಿನ ಲೆಕ್ಕ ಬಹುಮಟ್ಟಿಗೆ ಇದೇ.

ನಿಮ್ಮ ಬೀದಿಗೆ ತಿಂಗಳಿಗೊಮ್ಮೆ ಬರುವ ವಿದ್ಯುತ್ ಮೀಟರ್ ರೀಡರ್ ಅವರನ್ನು ನೆನೆಸಿಕೊಳ್ಳಿ. ಗೇಟು ತೆಗೆದು ಒಳಗೆ ಬಂದು, ಮೀಟರ್ ನೋಡಿ, ಅಂಕಿ ಒತ್ತಿಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಜ್ಯಾಬಿಕ್ಸ್‌ನ ಸರ್ವರ್ ಶುರುವಾದೊಡನೆ ಇಂಥ ಒಂದು ಪಡೆಯನ್ನೇ ಹುಟ್ಟುಹಾಕುತ್ತದೆ. ಪಡೆಯ ಒಬ್ಬೊಬ್ಬ ಆಳೂ ಒಂದೊಂದು ಪ್ರೋಸೆಸ್. ಮನೆಮನೆಗೆ ಹೋಗಿ ರೀಡಿಂಗ್ ತರುವವನು ಪೋಲರ್. ‘ಇದ್ದೀರಾ?’ ಎಂದು ಬಾಗಿಲು ತಟ್ಟಿ ನೋಡುವುದಷ್ಟೇ ಪಿಂಗರ್‌ನ ಕೆಲಸ. ಮನೆಯವರೇ ಫೋನ್ ಮಾಡಿ ‘ನಮ್ಮದು ಇಷ್ಟಾಗಿದೆ, ಬರೆದುಕೊಳ್ಳಿ’ ಎಂದರೆ ಬರೆದುಕೊಳ್ಳುವವನು ಟ್ರ್ಯಾಪರ್. ಹೊರಗಿನಿಂದ ಬಂದ ಅಂಕಿಗಳನ್ನೆಲ್ಲ ಡೇಟಾಬೇಸ್ ಎಂಬ ಲೆಡ್ಜರ್‌ಗೆ ಏರಿಸುವ ಗುಮಾಸ್ತನಿಗೆ ಡಿಬಿ ಸಿಂಕರ್ ಎಂದು ಹೆಸರು. ಅವಧಿ ಮುಗಿದ ಹಳೆಯ ಕಡತಗಳ ವಿಲೇವಾರಿಗೆ ಹೌಸ್‌ಕೀಪರ್ ಇದ್ದಾನೆ. ಬೀಗ ಹಾಕಿದ ಮನೆಗಳಿಗೆಂದೇ ಒಬ್ಬ ಪ್ರತ್ಯೇಕ ಆಳಿದ್ದಾನೆ. ಅವನ ಕಥೆ ಮುಂದೆ ಬರುತ್ತದೆ, ಯಾಕೆಂದರೆ ಎಡವಟ್ಟು ಶುರುವಾಗುವುದು ಅವನ ಹತ್ತಿರವೇ.

ಎಷ್ಟು ಆಳುಗಳು ಬೇಕು ಎಂಬುದನ್ನು ಒಂದು ಸಾದಾ ಅಕ್ಷರ ಕಡತದಲ್ಲಿ ಬರೆದಿಡುತ್ತಾರೆ. ಏನೂ ಬರೆಯದಿದ್ದರೆ ತಂತ್ರಾಂಶ ತನ್ನ ಮಾಮೂಲಿ ಸಂಖ್ಯೆಗಳನ್ನೇ ಹಿಡಿಯುತ್ತದೆ: ಪೋಲರ್ 5, ಟ್ರ್ಯಾಪರ್ 5, ಪಿಂಗರ್ 1, ಬೀಗದ ಮನೆಯವನು 1, ಗುಮಾಸ್ತರು 4. ಆ ಕಡತದಲ್ಲಿ ಹೆಚ್ಚಿನ ಸಾಲುಗಳ ಮುಂದೆ ಒಂದು ಹ್ಯಾಷ್ ಗುರುತು ಇರುತ್ತದೆ. ‘ಈ ಸಾಲನ್ನು ಓದಬೇಡ’ ಎಂದು ಅದರ ಅರ್ಥ. ಅದನ್ನು ಅಳಿಸದೆ ಮುಂದಿನ ಸಂಖ್ಯೆಯನ್ನಷ್ಟೇ ಬದಲಿಸಿ, ಸರ್ವರನ್ನು ನಿಲ್ಲಿಸಿ ಶುರುಮಾಡಿ, ‘ಏನೂ ಬದಲಾಗಲೇ ಇಲ್ಲವಲ್ಲ’ ಎಂದು ನಾನೇ ಅರ್ಧ ದಿನ ತಲೆ ಕೆರೆದುಕೊಂಡಿದ್ದೇನೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಸಂಸ್ಥೆಯಲ್ಲಿ 500 ಉಪಕರಣಗಳಿವೆ ಎಂದುಕೊಳ್ಳಿ. ಒಂದೊಂದಕ್ಕೂ ನಿಮಿಷಕ್ಕೊಮ್ಮೆ 40 ಪ್ರಶ್ನೆ: ಬಿಸಿ ಎಷ್ಟು, ಈ ಪೋರ್ಟಿನಲ್ಲಿ ಎಷ್ಟು ದತ್ತಾಂಶ ಹರಿಯಿತು, ಮೆಮೊರಿ ಎಷ್ಟು ಉಳಿದಿದೆ, ಹೀಗೆ. ಒಟ್ಟು ನಿಮಿಷಕ್ಕೆ 20,000 ಪ್ರಶ್ನೆ, ಅಂದರೆ ಸೆಕೆಂಡಿಗೆ ಸುಮಾರು 333. ಒಂದು ಪ್ರಶ್ನೆ ಕೇಳಿ ಉತ್ತರ ಪಡೆಯಲು 15 ಮಿಲಿಸೆಕೆಂಡ್ ಹಿಡಿದರೆ, ಒಂದೊಂದು ಸೆಕೆಂಡಿಗೂ 5 ಸೆಕೆಂಡಿನಷ್ಟು ದುಡಿಮೆ ಬೇಕು. ಅಂದರೆ ಐದು ಪೋಲರ್‌ಗಳು ಉಸಿರು ಬಿಡದೆ ಓಡುತ್ತಿರಬೇಕು.

‘ಐದೇ ಇದ್ದಾರಲ್ಲ, ಸರಿಹೋಯಿತು’ ಎನ್ನುವಂತಿಲ್ಲ. ಸರದಿಯ ಗಣಿತ ಇಲ್ಲಿ ನಮ್ಮ ಎಣಿಕೆಗೆ ವಿರುದ್ಧವಾಗಿ ನಡೆಯುತ್ತದೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ ದೂರವಾಣಿ ಕರೆಗಳ ಲೆಕ್ಕ ಹಾಕುತ್ತಾ 1909ರಲ್ಲಿ ಈ ವಿದ್ಯೆಯ ಮೊದಲ ಪ್ರಬಂಧ ಬರೆದ. ಆ ವಿದ್ಯೆ ಮುಂದೆ ಬೆಳೆದು ತಿಳಿಸುವುದು ಇಷ್ಟು: ಗಿರಾಕಿಗಳು ಹೊತ್ತುಗೊತ್ತಿಲ್ಲದೆ ಬರುವ ಒಂದೇ ಕೌಂಟರ್ ಇದೆ ಎನ್ನಿ. ಕೌಂಟರಿನವನು ಅರ್ಧ ಹೊತ್ತು ಮಾತ್ರ ಕೆಲಸದಲ್ಲಿದ್ದರೆ, ಹೊಸಬ ಸರಾಸರಿ ಒಬ್ಬನ ಕೆಲಸದಷ್ಟು ಹೊತ್ತು ಕಾಯಬೇಕು. ಕೆಲಸ ಮುಕ್ಕಾಲು ಪಾಲು ತುಂಬಿದರೆ ಕಾಯುವುದು ಅದರ ಮೂರು ಪಟ್ಟು. ನೂರಕ್ಕೆ ತೊಂಬತ್ತು ಪಾಲು ತುಂಬಿದರೆ ಒಂಬತ್ತು ಪಟ್ಟು. ತೊಂಬತ್ತೈದಕ್ಕೆ ಹತ್ತೊಂಬತ್ತು ಪಟ್ಟು. ಕೌಂಟರ್‌ಗಳು ಹೆಚ್ಚಿದ್ದರೆ ಏರಿಕೆ ಸ್ವಲ್ಪ ತಡವಾಗಿ ಶುರುವಾಗುತ್ತದೆ, ಅಷ್ಟೇ. ತುಂಬಿದ ಬಸ್ಸಿಗೆ ಇನ್ನಿಬ್ಬರು ಹತ್ತಿದಾಗ ಆಗುವ ಫಜೀತಿ, ಖಾಲಿ ಬಸ್ಸಿಗೆ ಇಪ್ಪತ್ತು ಜನ ಹತ್ತಿದಾಗಲೂ ಆಗದು.

ಆದ್ದರಿಂದಲೇ ಜ್ಯಾಬಿಕ್ಸ್ ತನ್ನ ಆಳುಗಳ ದುಡಿಮೆಯನ್ನು ತಾನೇ ಅಳೆದುಕೊಳ್ಳುತ್ತದೆ, ಯಾವುದಾದರೂ ಗುಂಪು ಸರಾಸರಿ 75 ಪ್ರತಿಶತ ಮೀರಿದರೆ ಎಚ್ಚರಿಕೆ ಕೊಡುವ ಸಿದ್ಧ ಟೆಂಪ್ಲೇಟೂ ಅದರಲ್ಲಿದೆ. ನಮ್ಮ ಲೆಕ್ಕದ ಸಂಸ್ಥೆಗೆ ಏಳು ಪೋಲರ್ ಕೊಟ್ಟರೆ ದುಡಿಮೆ 71ಕ್ಕೆ ಇಳಿಯುತ್ತದೆ. ಇಲ್ಲಿಯವರೆಗೆ ಎಲ್ಲವೂ ಸುಸೂತ್ರ. ಇಷ್ಟೇ ಆಗಿದ್ದರೆ ಈ ಸಂಖ್ಯೆಗಳನ್ನು ಹದಗೊಳಿಸುವ ಟ್ಯೂನಿಂಗ್ ಎಂಬ ಕೆಲಸಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ.

ಬೀಗ ಹಾಕಿದ ಮನೆಗೆ ಬರೋಣ. ಮೀಟರ್ ರೀಡರ್ ಗೇಟಿನ ಮುಂದೆ ನಿಂತು ‘ಯಾರಿದ್ದೀರಿ?’ ಎಂದು ಕೂಗುತ್ತಾರೆ. ಉತ್ತರವಿಲ್ಲ. ಎಷ್ಟು ಹೊತ್ತು ನಿಲ್ಲಬೇಕು? ತಂತ್ರಾಂಶದಲ್ಲಿ ಈ ಹೊತ್ತಿಗೆ ಟೈಮ್‌ಔಟ್ ಎನ್ನುತ್ತಾರೆ. ಕಡತದಲ್ಲಿ ಇದರ ಮಾಮೂಲಿ ಬೆಲೆ 3 ಸೆಕೆಂಡ್, 30ರವರೆಗೆ ಏರಿಸಬಹುದು. ಮೂರು ಸೆಕೆಂಡ್ ಎಂದರೆ ನಮಗೆ ಕಣ್ಣು ಮಿಟುಕಿಸಿದಷ್ಟು. 15 ಮಿಲಿಸೆಕೆಂಡಿಗೊಂದು ಕೆಲಸ ಮುಗಿಸುವ ಪೋಲರ್‌ಗೆ ಅದು 200 ಮನೆಗಳ ರೀಡಿಂಗ್! ಒಂದು ಸತ್ತ ಸ್ವಿಚ್ಚಿನ ಮುಂದೆ ನಿಂತ ತಪ್ಪಿಗೆ ಬದುಕಿರುವ 200 ಪ್ರಶ್ನೆಗಳು ಸರದಿಯಲ್ಲೇ ಉಳಿಯುತ್ತವೆ. ‘ಯಾವುದೋ ಹಳೆಯ ಯುಪಿಎಸ್ ನಿಧಾನವಾಗಿ ಉತ್ತರಿಸುತ್ತದೆ, ಪಾಪ’ ಎಂದು ಯಾರೋ ಟೈಮ್‌ಔಟನ್ನು 30ಕ್ಕೆ ಏರಿಸಿದರೆ, ಅದೇ ಲೆಕ್ಕ 2,000ಕ್ಕೆ ಹೋಗುತ್ತದೆ. ಒಂದು ಉಪಕರಣದ ಮೇಲಿನ ಕನಿಕರಕ್ಕೆ ಇಡೀ ಬೀದಿ ದಂಡ ತೆರುತ್ತದೆ.

ಇದನ್ನು ತಪ್ಪಿಸಲೆಂದೇ ಆ ಪ್ರತ್ಯೇಕ ಆಳು ಇರುವುದು. ಒಂದು ಉಪಕರಣ ಮೊದಲ ಸಲ ಉತ್ತರಿಸದಿದ್ದರೆ ಮಾಮೂಲಿ ಪೋಲರ್‌ಗಳು ಅದರ ಗೊಡವೆ ಬಿಟ್ಟು ಮುಂದೆ ಹೋಗುತ್ತಾರೆ, ಅದರ ಹೆಸರು ಬೀಗದ ಮನೆಗಳ ಪಟ್ಟಿಗೆ ಸೇರುತ್ತದೆ. ಮೊದಲ 45 ಸೆಕೆಂಡಿನಲ್ಲಿ 15 ಸೆಕೆಂಡಿಗೊಮ್ಮೆ, ಆಮೇಲೆ ನಿಮಿಷಕ್ಕೊಮ್ಮೆ ಅಲ್ಲಿ ಹೋಗಿ ನೋಡುವುದು ಆ ಒಬ್ಬನ ಪಾಳಿ. ಏರ್ಪಾಟು ಜಾಣತನದ್ದೇ. ಆದರೆ ಮಾಮೂಲಿ ಸಂಖ್ಯೆ ಒಂದೇ ಎನ್ನುವುದನ್ನು ಮರೆಯಬೇಡಿ. ಒಂದು ದಿನ ಜೆಸಿಬಿಯೊಂದು ರಸ್ತೆ ಅಗೆಯುತ್ತಾ ಕೇಬಲ್ ಕತ್ತರಿಸುತ್ತದೆ, 40 ಉಪಕರಣಗಳು ಒಟ್ಟಿಗೆ ಮಾಯವಾಗುತ್ತವೆ. ಒಬ್ಬನೇ ಆಳು 40 ಬೀಗಗಳ ಮುಂದೆ ಮೂರು ಮೂರು ಸೆಕೆಂಡ್ ನಿಂತರೆ ಒಂದು ಸುತ್ತಿಗೆ ಎರಡು ನಿಮಿಷ. ಟೈಮ್‌ಔಟ್ 30 ಆಗಿದ್ದರೆ ಇಪ್ಪತ್ತು ನಿಮಿಷ. ಕೇಬಲ್ ಜೋಡಿಸಿದ ಮೇಲೂ ಬದುಕಿಬಂದ ಉಪಕರಣ ತನ್ನ ಸರದಿಗೆ ಕಾಯುತ್ತಾ ಪರದೆಯ ಮೇಲೆ ಕೆಂಪಾಗಿಯೇ ಕುಳಿತಿರುತ್ತದೆ. ಎಲ್ಲವೂ ಚೆನ್ನಾಗಿರುವ ದಿನ ಚುರುಕಾಗಿ ಓಡಾಡುವ ನಿಗಾ ವ್ಯವಸ್ಥೆ ಅನಾಹುತದ ದಿನವೇ ಕುಂಟುವುದು ಹೀಗೆ. ನನ್ನನ್ನು ಕೇಳಿದರೆ, ಆ ಒಂದು ಸಂಖ್ಯೆಯನ್ನು ಏಳೆಂಟಕ್ಕೆ ಏರಿಸುವುದು ಇಡೀ ಕಡತದಲ್ಲಿ ಅತಿ ಅಗ್ಗದ ವಿಮೆ.

ಹಾಗಾದರೆ ಎಲ್ಲ ಸಂಖ್ಯೆಗಳನ್ನೂ ಏರಿಸಿಬಿಡೋಣ ಎನ್ನಿಸುವುದು ಸಹಜ. ಪೋಲರ್ 200, ಗುಮಾಸ್ತರು 50. ನಿಧಾನವಾದ ಸರ್ವರ್ ಕಂಡಾಗ ಹತ್ತರಲ್ಲಿ ಎಂಟು ಜನರ ಕೈ ಮೊದಲು ಹೋಗುವುದು ಅಲ್ಲಿಗೇ ಎಂದು ನನ್ನ ಅನುಭವ ಹೇಳುತ್ತದೆ. ಎಡವುವುದೂ ಅಲ್ಲೇ. ಈ ಪ್ರೋಸೆಸ್‌ಗಳಲ್ಲಿ ಬಹುಪಾಲು ಡೇಟಾಬೇಸಿಗೆ ತಮ್ಮದೇ ಒಂದು ಸಂಪರ್ಕ ತೆರೆದಿಟ್ಟುಕೊಳ್ಳುತ್ತವೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ, ನಾವು ಏನೂ ಹೇಳದಿದ್ದರೆ, ಒಟ್ಟು 151 ಸಂಪರ್ಕಗಳನ್ನು ಒಪ್ಪುತ್ತದೆ, ಅಂಥದೇ ಇನ್ನೊಂದಾದ ಪೋಸ್ಟ್‌ಗ್ರೆಸ್ 100 ಮಾತ್ರ. ಆಳುಗಳನ್ನು 200 ಮಾಡಿದ ರಾತ್ರಿಯೇ ಸರ್ವರ್ ಮೇಲೇಳಲು ನಿರಾಕರಿಸಿದರೆ ಅಚ್ಚರಿಪಡಬೇಡಿ.

ಗುಮಾಸ್ತರ ವಿಷಯವಂತೂ ಇನ್ನೂ ಸೂಕ್ಷ್ಮ. ಲೆಡ್ಜರ್ ಒಂದೇ. ಅದರ ಮುಂದೆ ಐವತ್ತು ಜನ ಕೂತರೆ ಬರವಣಿಗೆ ಬೇಗ ಮುಗಿಯುತ್ತದೆಯೇ? ಪುಸ್ತಕಕ್ಕೆ ಎಳೆದಾಟವಾಗುತ್ತದೆ, ಒಬ್ಬ ಪುಟ ತಿರುವುವಾಗ ಇನ್ನೊಬ್ಬ ಕಾಯುತ್ತಾನೆ. ಗುಮಾಸ್ತರನ್ನು ಹೆಚ್ಚಿಸಿದರೆ ಒಳಿತಿಗಿಂತ ಕೆಡುಕೇ ಹೆಚ್ಚಾಗಬಹುದು ಎಂದು ಜ್ಯಾಬಿಕ್ಸ್‌ನ ಕೈಪಿಡಿಯೇ ಎಚ್ಚರಿಸುತ್ತದೆ. ಮಾಮೂಲಿ ನಾಲ್ವರು ಸೆಕೆಂಡಿಗೆ ಸುಮಾರು 4,000 ಹೊಸ ಅಂಕಿಗಳನ್ನು ನಿಭಾಯಿಸಬಲ್ಲರು ಎಂದೂ ಹೇಳುತ್ತದೆ. ನಮ್ಮ ಸಂಸ್ಥೆಯದು ಬರೀ 333. ಅಲ್ಲಿಯೂ ಗುಮಾಸ್ತರು ಸದಾ ದುಡಿಮೆಯಲ್ಲಿ ಮುಳುಗಿದ್ದಾರೆ ಎಂದು ಪರದೆ ತೋರಿಸಿದರೆ, ಸಮಸ್ಯೆ ಗುಮಾಸ್ತರದ್ದಲ್ಲ. ಲೆಡ್ಜರ್ ಇಟ್ಟಿರುವ ಡಿಸ್ಕ್ ನಿಧಾನವಾಗಿದೆ, ಅಥವಾ ಬೇರೆ ಯಾರೋ ಲೆಡ್ಜರನ್ನು ಹಿಡಿದು ಕೂತಿದ್ದಾರೆ.

ಹೆಚ್ಚಾಗಿ ಹಾಗೆ ಹಿಡಿದು ಕೂತವನು ಕಡತ ವಿಲೇವಾರಿಯ ಹೌಸ್‌ಕೀಪರ್. ನಿಮಿಷಕ್ಕೆ 20,000 ಅಂಕಿ ಎಂದರೆ ದಿನಕ್ಕೆ 2 ಕೋಟಿ 88 ಲಕ್ಷ ಸಾಲುಗಳು. ಒಂದು ತಿಂಗಳ ವಿವರ ಇಟ್ಟುಕೊಳ್ಳುತ್ತೇವೆ ಎಂದರೆ 86 ಕೋಟಿಗೂ ಮೇಲೆ. ಪುಸ್ತಕ ಉಬ್ಬದಿರಬೇಕಾದರೆ ಗಂಟೆಗೆ 12 ಲಕ್ಷ ಸಾಲು ಸೇರಿದಂತೆಲ್ಲ 12 ಲಕ್ಷ ಹಳೆಯ ಸಾಲುಗಳನ್ನು ಹುಡುಕಿ ಹುಡುಕಿ ಅಳಿಸಬೇಕು. ಹೌಸ್‌ಕೀಪರ್ ಮಾಮೂಲಿಯಾಗಿ ಗಂಟೆಗೊಮ್ಮೆ ಏಳುತ್ತಾನೆ. ಅವನು ಅಳಿಸುತ್ತಿರುವಾಗ ಗುಮಾಸ್ತರು ಪೆನ್ನು ಎತ್ತಿ ಕೂರಬೇಕಾಗುತ್ತದೆ, ಅವರ ಮುಂದಿನ ಟ್ರೇ ತುಂಬುತ್ತದೆ. ಈ ಟ್ರೇಗೆ ಹಿಸ್ಟರಿ ಕ್ಯಾಶ್ ಎಂದು ಹೆಸರು, ಮಾಮೂಲಿ ಗಾತ್ರ 16 ಮೆಗಾಬೈಟ್. ಟ್ರೇ ಪೂರ್ತಿ ತುಂಬಿದರೆ ಹೊರಗಿನಿಂದ ಬಂದವರು ಅಂಕಿ ಹಿಡಿದುಕೊಂಡು ಬಾಗಿಲಲ್ಲೇ ನಿಲ್ಲುತ್ತಾರೆ. ಪ್ರತಿ ಗಂಟೆಗೂ ಒಮ್ಮೆ ನಕ್ಷೆಯಲ್ಲಿ ಗರಗಸದ ಹಲ್ಲಿನಂತೆ ಏರಿಳಿತ ಕಂಡರೆ ಹೌಸ್‌ಕೀಪರ್ ಎದ್ದಿದ್ದಾನೆಂದು ಕಣ್ಣುಮುಚ್ಚಿ ಹೇಳಬಹುದು. ಟ್ರೇ ದೊಡ್ಡದು ಮಾಡಿದರೆ ತಾತ್ಕಾಲಿಕ ಶಮನ ಸಿಗುತ್ತದೆ. ಖಾಯಂ ಪರಿಹಾರ ಬೇಕಾದರೆ ದಿನಕ್ಕೊಂದು ಪುಸ್ತಕ ಇಡಬೇಕು: ಡೇಟಾಬೇಸನ್ನು ದಿನವಾರು ತುಂಡುಗಳಾಗಿ ವಿಭಾಗಿಸಿ, ಅವಧಿ ಮುಗಿದ ದಿನ ಇಡೀ ತುಂಡನ್ನೇ ಎಸೆಯುವುದು. ಸಾಲು ಸಾಲಾಗಿ ಅಳಿಸುವ ಕೆಲಸವೇ ಇರುವುದಿಲ್ಲ.

ನೋಡಿ, ಪೋಲರ್ ತಡವಾಗಿ ಓಡುತ್ತಿದ್ದಾನೆ ಎಂದು ಶುರುಮಾಡಿದ ತನಿಖೆ ಎಲ್ಲಿಗೆ ಬಂತು! ಕಾಣುವ ತೊಂದರೆ ಬಾಗಿಲಲ್ಲಿ, ಕಾರಣ ದಾಸ್ತಾನು ಕೋಣೆಯಲ್ಲಿ. ಯಾರು ಬಿಡುವಿಲ್ಲದೆ ಇದ್ದಾರೆ ಎಂದು ಕೇಳಿದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಅವರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ಕೇಳಬೇಕು. ಸಂಖ್ಯೆಯನ್ನು ಮುಟ್ಟುವ ಮೊದಲು ಈ ಪ್ರಶ್ನೆ ಕೇಳದವರು ಮಾಡುವುದು ಟ್ಯೂನಿಂಗ್ ಅಲ್ಲ, ಲಾಟರಿ.

ಇನ್ನೊಂದು ದಾರಿಯಿದೆ, ಅದು ಎಲ್ಲಕ್ಕಿಂತ ಅಗ್ಗ: ಪ್ರಶ್ನೆಯನ್ನೇ ಕಡಿಮೆ ಕೇಳುವುದು. ಸ್ವಿಚ್ಚಿನ ಮಾಡೆಲ್ ಯಾವುದು, ಸೀರಿಯಲ್ ಸಂಖ್ಯೆ ಏನು ಎಂದು ನಿಮಿಷಕ್ಕೊಮ್ಮೆ ಕೇಳುವ ವ್ಯವಸ್ಥೆಗಳನ್ನು ನಾನು ಕಂಡಿದ್ದೇನೆ. ಮನೆಯ ಸರ್ವೆ ನಂಬರನ್ನು ಮೀಟರ್ ರೀಡರ್ ದಿನವೂ ಬಂದು ಕೇಳಿದ ಹಾಗೆ. ದಿನಕ್ಕೊಮ್ಮೆ ಕೇಳಿದರೆ ಧಾರಾಳವಾಯಿತು. 40 ಪ್ರಶ್ನೆಗಳಲ್ಲಿ ನಿಜಕ್ಕೂ ನಿಮಿಷಕ್ಕೊಮ್ಮೆ ಬೇಕಾದವು ಹತ್ತೇ ಎಂದು ಕಂಡುಕೊಂಡ ಸಂಸ್ಥೆಗೆ ಹೊಸ ಸರ್ವರ್ ಕೊಳ್ಳುವ ಪ್ರಸಂಗವೇ ಬರುವುದಿಲ್ಲ.

ಆದರೆ ಜುಗ್ಗತನಕ್ಕೂ ಒಂದು ಮಿತಿಯಿದೆ. ಟೋಬಿಯಾಸ್ ಓಟಿಕರ್ ಎಂಬವರು 1995ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಎಂಆರ್‌ಟಿಜಿ ಎಂಬ ಪುಟ್ಟ ತಂತ್ರಾಂಶ ಬರೆದರು, ಅಲ್ಲಿದ್ದ 64 ಕಿಲೋಬಿಟ್‌ನ ಒಂದು ಸಂಪರ್ಕ ಎಷ್ಟು ತುಂಬಿದೆ ಎಂದು ನೋಡುವುದಕ್ಕೆ. ಅದು ಐದು ನಿಮಿಷಕ್ಕೊಮ್ಮೆ ಕೇಳುತ್ತಿತ್ತು. ಆ ಐದು ನಿಮಿಷದ ಲೆಕ್ಕ ಜಾಲ ನೋಡಿಕೊಳ್ಳುವವರ ರೂಢಿಯಲ್ಲಿ ಇಂದಿಗೂ ಉಳಿದಿದೆ. ಉಪಕರಣಗಳ ಒಳಗೆ ಎಷ್ಟು ಬೈಟ್ ಹರಿಯಿತು ಎಂದು ಎಣಿಸುವ ಹಳೆಯ ಬಗೆಯ ಎಣಿಕೆಯಂತ್ರ 4,29,49,67,295ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ, ಹಳೆಯ ಸ್ಕೂಟರಿನ ಕಿಲೋಮೀಟರ್ ಗಾಲಿ 99,999 ದಾಟಿ ಸೊನ್ನೆಯಾಗುವ ಹಾಗೆ. ಸೆಕೆಂಡಿಗೆ 10 ಮೆಗಾಬಿಟ್ ಹರಿಸುವ ತಂತಿಯಲ್ಲಿ ಹಾಗೆ ಸೊನ್ನೆಗೆ ಬರಲು ಸುಮಾರು 57 ನಿಮಿಷ ಬೇಕಿತ್ತು. ಗಿಗಾಬಿಟ್ ತಂತಿ ತುಂಬಿ ಹರಿದರೆ 34 ಸೆಕೆಂಡ್ ಸಾಕು. ಐದು ನಿಮಿಷಕ್ಕೊಮ್ಮೆ ಇಣುಕುವವನಿಗೆ ನಡುವೆ ಗಾಲಿ ಎಂಟು ಸಲ ಸುತ್ತಿದ್ದು ತಿಳಿಯುವುದೇ ಇಲ್ಲ. ನಕ್ಷೆ ಚೆಂದವಾಗಿ ಬರುತ್ತದೆ, ಅಂಕಿ ಮಾತ್ರ ಪೂರಾ ಸುಳ್ಳು. ಈಗಿನ ಉಪಕರಣಗಳಲ್ಲಿ 64 ಬಿಟ್‌ನ ದೊಡ್ಡ ಎಣಿಕೆಯಂತ್ರವೂ ಇರುತ್ತದೆ. ಅದನ್ನೇ ಕೇಳುವಂತೆ ತಂತ್ರಾಂಶಕ್ಕೆ ಹೇಳಿಕೊಟ್ಟಿದ್ದಾರೆಯೇ ಎಂದು ನೋಡಿಕೊಳ್ಳಬೇಕು, ಅಷ್ಟೇ.

ದೂರದ ಶಾಖೆಗಳ ಕಥೆ ಬೇರೆ. 15 ಮಿಲಿಸೆಕೆಂಡಿನ ಉತ್ತರ ದೂರದ ದಾರಿಯಲ್ಲಿ 60 ಆದರೆ, ಅದೇ 500 ಉಪಕರಣಗಳಿಗೆ ಐದರ ಬದಲು ಇಪ್ಪತ್ತು ಪೋಲರ್‌ಗಳ ದುಡಿಮೆ ಬೇಕು. ಉಪಕರಣ ಒಂದೂ ಹೆಚ್ಚಾಗಿಲ್ಲ, ದಾರಿ ಮಾತ್ರ ಉದ್ದವಾಯಿತು. ಕಲಬುರಗಿಯ ಮೀಟರ್ ಓದಲು ಬೆಂಗಳೂರಿನಿಂದ ದಿನವೂ ಆಳು ಕಳಿಸುವ ಬದಲು ಅಲ್ಲೇ ಒಂದು ಉಪಕಚೇರಿ ತೆರೆಯುವುದು ಮೇಲು. ಜ್ಯಾಬಿಕ್ಸ್‌ನಲ್ಲಿ ಇದಕ್ಕೆ ಪ್ರಾಕ್ಸಿ ಎನ್ನುತ್ತಾರೆ. ಅದು ಸ್ಥಳೀಯವಾಗಿ ಅಂಕಿ ಕೂಡಿಟ್ಟು ಕಂತೆಯಾಗಿ ಮೇಲೆ ಕಳಿಸುತ್ತದೆ. ನಡುವಿನ ಸಂಪರ್ಕ ಕಡಿದರೆ ಮಾಮೂಲಿಯಾಗಿ ಒಂದು ಗಂಟೆಯ ಅಂಕಿಗಳನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ.

ಇದೆಲ್ಲ ಯಾಕಿಷ್ಟು ಮುಖ್ಯ ಎನ್ನುವವರಿಗೆ 2003ರ ಆಗಸ್ಟ್ 14ರ ಒಂದು ಮಧ್ಯಾಹ್ನವನ್ನು ನೆನಪಿಸಬೇಕು. ಅಮೆರಿಕದ ಒಹಾಯೊ ರಾಜ್ಯದ ಫಸ್ಟ್‌ಎನರ್ಜಿ ವಿದ್ಯುತ್ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ 2 ಗಂಟೆ 14 ನಿಮಿಷದ ಸುಮಾರಿಗೆ ಎಚ್ಚರಿಕೆ ಕೊಡುವ ಪ್ರೋಸೆಸ್ ಒಂದು ಸಿಕ್ಕಿಹಾಕಿಕೊಂಡಿತು. ಅದು ಸಾಯಲಿಲ್ಲ, ಸುಮ್ಮನೆ ನಿಂತುಬಿಟ್ಟಿತು. ಬಂದ ಸುದ್ದಿಗಳು ಅದರ ಬಾಗಿಲಲ್ಲಿ ರಾಶಿ ಬಿದ್ದವು. 2.41ಕ್ಕೆ ಅದನ್ನು ನಡೆಸುತ್ತಿದ್ದ ಸರ್ವರ್ ಕುಸಿಯಿತು. ಹೊರೆ ಹೊತ್ತ ಬದಲಿ ಸರ್ವರ್ ಅದೇ ರಾಶಿಯ ಅಡಿಯಲ್ಲಿ 13 ನಿಮಿಷಕ್ಕೆ ಕುಸಿಯಿತು. ಒಂದರಿಂದ ಮೂರು ಸೆಕೆಂಡಿನಲ್ಲಿ ಹೊಸದಾಗಬೇಕಿದ್ದ ಪರದೆಗಳು 59 ಸೆಕೆಂಡ್‌ವರೆಗೆ ತೆಗೆದುಕೊಳ್ಳತೊಡಗಿದವು. ಎಚ್ಚರಿಕೆ ಬರಲಿಲ್ಲವಾದ್ದರಿಂದ ಎಲ್ಲ ಸರಿಯಿದೆ ಎಂದೇ ಅಲ್ಲಿದ್ದವರು ತಿಳಿದರು. ಹೊರಗೆ ಒಂದೊಂದೇ ವಿದ್ಯುತ್ ಮಾರ್ಗ ಬಿದ್ದುಹೋಗುತ್ತಿತ್ತು. ಸಂಜೆ 4 ಗಂಟೆ 10 ನಿಮಿಷದ ಹೊತ್ತಿಗೆ ನ್ಯೂಯಾರ್ಕ್‌ನಿಂದ ಕೆನಡಾದ ಒಂಟಾರಿಯೊವರೆಗೆ ಸುಮಾರು 5 ಕೋಟಿ ಜನರಿಗೆ ಕರೆಂಟ್ ಇರಲಿಲ್ಲ. ಮಾರ್ಗಗಳು ಬೀಳಲು ಕಾರಣ ಕತ್ತರಿಸದೆ ಬಿಟ್ಟ ಮರಗಳಂಥ ಬೇರೆ ಸಂಗತಿಗಳು. ಆದರೆ ಸಮಯಕ್ಕೆ ಗೊತ್ತಾಗದೆ ಹೋದದ್ದಕ್ಕೆ ಕಾರಣ ನಿಂತುಹೋದ ಆ ಪ್ರೋಸೆಸ್, ಮತ್ತು ಅದು ನಿಂತಿದೆ ಎಂದು ಹೇಳಲು ಇನ್ನೊಂದು ಇರಲಿಲ್ಲವೆಂಬುದು.

ಅಲ್ಲಿದ್ದದ್ದು ವಿದ್ಯುತ್ ಜಾಲದ ತಂತ್ರಾಂಶ, ನಾವು ಮಾತಾಡುತ್ತಿರುವುದು ಮಾಹಿತಿ ಜಾಲದ್ದು. ರೋಗ ಒಂದೇ. ನಿಗಾ ಇಡುವ ಸರ್ವರ್ ತನ್ನ ಬಗ್ಗೆ ತಾನೇ ವರದಿ ಕೊಡುವುದು ಒಳ್ಳೆಯದೇ, ಆದರೆ ಅದು ಮೂರ್ಛೆ ಹೋದಾಗ ‘ನಾನು ಮೂರ್ಛೆ ಹೋಗಿದ್ದೇನೆ’ ಎಂದು ಹೇಳಲಾರದು. ಬೇರೆ ಕಟ್ಟಡದಲ್ಲಿ, ಬೇರೆ ಸಂಪರ್ಕದ ಮೇಲೆ, ಹಳೆಯ ಲ್ಯಾಪ್‌ಟಾಪ್‌ನಲ್ಲಾದರೂ ಸರಿ, ಇದನ್ನು ನೋಡುವ ಇನ್ನೊಂದು ಕಣ್ಣು ಬೇಕು.

2024ರ ಜೂನ್‌ನಲ್ಲಿ ಬಂದ ಜ್ಯಾಬಿಕ್ಸ್‌ನ 7.0 ಆವೃತ್ತಿ ಮೀಟರ್ ರೀಡರ್ ಕಥೆಯನ್ನು ಅರ್ಧ ಬದಲಿಸಿದೆ. ಏಜೆಂಟ್, ಎಸ್‌ಎನ್‌ಎಂಪಿ, ವೆಬ್ ಎಂಬ ಬಗೆಯ ವಿಚಾರಣೆಗಳಿಗೆ ಅದರಲ್ಲಿ ಬಂದಿರುವ ಹೊಸ ಪೋಲರ್ ಒಂದು ಮನೆಯ ಗೇಟಿನಲ್ಲಿ ಕಾಯುತ್ತಾ ನಿಲ್ಲುವುದಿಲ್ಲ. ಕೂಗಿ ಮುಂದೆ ಹೋಗುತ್ತದೆ, ಉತ್ತರ ಬಂದಾಗ ಬರೆದುಕೊಳ್ಳುತ್ತದೆ. ಒಬ್ಬನೇ ಆಳು ಒಟ್ಟಿಗೆ 1,000 ಮನೆಗಳನ್ನು ಕೂಗಿ ಇಟ್ಟಿರಬಲ್ಲ. ಬಾಗಿಲಿನ ಸರದಿ ಇದರಿಂದ ಬಹಳ ಕರಗುತ್ತದೆ, ಲೆಡ್ಜರಿನ ಸರದಿ ಮಾತ್ರ ಇದ್ದಲ್ಲೇ ಇರುತ್ತದೆ. ವೇಗವಾಗಿ ಬರುವ ಅಂಕಿಗಳನ್ನು ಬರೆದುಕೊಳ್ಳಲು ಅದೇ ಡಿಸ್ಕ್, ಅದೇ ನಾಲ್ವರು.

ನಿಮ್ಮ ಕಚೇರಿಗೋ ಕಾಲೇಜಿಗೋ ಆಸ್ಪತ್ರೆಗೋ ಇಂಥ ವ್ಯವಸ್ಥೆ ಮಾರಲು ಬರುವವರು ‘ಹತ್ತು ಸಾವಿರ ಉಪಕರಣ ನೋಡಿಕೊಳ್ಳುತ್ತದೆ ಸಾರ್’ ಎಂದು ಹೊಳೆಯುವ ಪರದೆ ತೋರಿಸುತ್ತಾರೆ. ಅದರ ಮೇಲಿನ ಯಾವುದಾದರೂ ಒಂದು ಹಸಿರು ಚುಕ್ಕೆಗೆ ಬೆರಳಿಟ್ಟು, ‘ಇದನ್ನು ಕೊನೆಯ ಸಲ ಯಾವಾಗ ಕೇಳಿದ್ದು?’ ಎಂದು ವಿಚಾರಿಸಿ. ಆಮೇಲೆ ನಲವತ್ತು ತಂತಿಗಳನ್ನು ಒಟ್ಟಿಗೆ ಕಿತ್ತು, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ.